ಯಾರ ಕೊರಳಿಗೆ ಹಾರ?

ಪ್ರಶಸ್ತಿಯೆಂಬುದು ಪಡೆಯುವವನಿಗಿಂತ ಕೊಡುವವನಿಗೆ ಹೆಚ್ಚು ಬೇಕಾದ ವಸ್ತು. ಈ ಮಾತನ್ನು ಒಪ್ಪದವರು ನಮ್ಮ ಊರುಗಳಲ್ಲಿ ನಡೆಯುವ ಯಾವುದಾದರೊಂದು ಸನ್ಮಾನ ಸಮಾರಂಭದ ಆಮಂತ್ರಣ ಪತ್ರಿಕೆಯನ್ನು ಕೈಗೆತ್ತಿಕೊಂಡು ನೋಡಬಹುದು. ಸನ್ಮಾನಿತರ ಹೆಸರು ಎಷ್ಟು ದಪ್ಪದ ಅಕ್ಷರದಲ್ಲಿದೆ, ಸನ್ಮಾನಿಸುವವರ ಹೆಸರು ಎಷ್ಟು ದಪ್ಪದ ಅಕ್ಷರದಲ್ಲಿದೆ ಎಂಬುದನ್ನು ಒಮ್ಮೆ ಹೋಲಿಸಿದರೆ ಶಾಲು ನಿಜವಾಗಿ ಯಾರ ಹೆಗಲಿಗೆ ಬಿದ್ದಿತೆಂಬುದು ತಿಳಿದುಬಿಡುತ್ತದೆ. ಯಕ್ಷಗಾನದ ವೇಷಧಾರಿಗೆ ಮುಪ್ಪಿನಲ್ಲಿ ಹಾರ ಹಾಕುವವರು ಅವನ ಪ್ರಾಯದಲ್ಲಿ ಕೊಡಬೇಕಾಗಿದ್ದ ಸಂಬಳದ ಮಾತನ್ನು ಎತ್ತುವುದಿಲ್ಲ.

ನಮ್ಮಲ್ಲಿ ಮೆಲ್ಲಗೆ ನಡೆಯುವ ಈ ವ್ಯವಹಾರ ಲೋಕದಲ್ಲೇ ಅತ್ಯಂತ ನಗೆಗೀಡಾದ ಒಂದು ಪ್ರಶಸ್ತಿಯ ಚರಿತ್ರೆಯಲ್ಲಿ ನಿರಾವರಣವಾಗಿ ಕಾಣಸಿಗುತ್ತದೆ. ಅಮೆರಿಕದ ನೀಲಿಚಿತ್ರೋದ್ಯಮ ತನಗೆ ತಾನೇ ಕೊಟ್ಟುಕೊಳ್ಳುತ್ತ ಬಂದಿರುವ ವಾರ್ಷಿಕ ಪ್ರಶಸ್ತಿ ಅದು. 'ನೀಲಿಚಿತ್ರಗಳ ಆಸ್ಕರ್' ಎಂದು ಪತ್ರಿಕೆಗಳವರು ಅದನ್ನು ಕರೆಯುವುದುಂಟು.

ಕನ್ನಡ ಸಂಘದ ಸಾಹಿತ್ಯ ಪತ್ರಿಕೆಗೆ ಇದು ತಕ್ಕ ವಿಷಯವೆ ಎಂದು ಹುಬ್ಬು ಗಂಟಿಕ್ಕುವ ಹಿರಿಯರಿಗೆ ನನ್ನ ನಿವೇದನೆ ಇಷ್ಟೆ. ಯಾವ ಸರಕು ಮುಳ್ಳೇರಿಯದ ಬಸ್ಸಿನಲ್ಲಿ ಕುಳಿತ ಹುಡುಗನ ಅಂಗೈಯೊಳಗಿನ ಫೋನಿಗೆ ಬಂದು ಬೀಳುತ್ತಿದೆಯೊ, ಅದರ ವಿಷಯವಾಗಿ ಮಾತನಾಡದಿರುವುದು ಮಡಿವಂತಿಕೆಯಾದೀತೇ ಹೊರತು ವಿವೇಕವಾಗಲಾರದು. ಆ ಸರಕನ್ನು ಸಮರ್ಥಿಸಲು ನಾನು ಹೊರಟಿಲ್ಲ. ಅದನ್ನು ಬೈಯುವುದರಲ್ಲಿಯೇ ತಮ್ಮ ಕರ್ತವ್ಯ ಮುಗಿಯಿತೆಂದು ತಿಳಿದವರೊಡನೆಯೂ, ಅದಕ್ಕೊಂದು ಪ್ರಶಸ್ತಿಯ ಮುದ್ರೆ ಬಿದ್ದೊಡನೆ ಅದೊಂದು ಸ್ವಾತಂತ್ರ್ಯವೆಂದು ಕೊಂಡಾಡುವವರೊಡನೆಯೂ ನನಗೆ ಜಗಳವಿದೆ. ಈ ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆ ಒಂದೇ: ಯಾರ ದೇಹ ಅಲ್ಲಿ ಮಾರಾಟದ ವಸ್ತುವಾಯಿತೊ ಆಕೆಗೆ ದಕ್ಕಿದ್ದೇನು?

ಚರಿತ್ರೆಯನ್ನು ಸ್ವಲ್ಪ ನೋಡೋಣ. ೧೯೬೯ರಲ್ಲಿ ಅಮೆರಿಕದ ಈ ಬಗೆಯ ಚಿತ್ರಗಳ ನಿರ್ಮಾಪಕರೂ ಹಂಚಿಕೆದಾರರೂ ಚಿತ್ರಮಂದಿರಗಳ ಒಡೆಯರೂ ಸೇರಿ 'ಅಡಲ್ಟ್ ಫಿಲ್ಮ್ ಅಸೋಸಿಯೇಷನ್ ಆಫ್ ಅಮೆರಿಕಾ' ಎಂಬ ಸಂಘವನ್ನು ಕಟ್ಟಿಕೊಂಡರು. ಕಲಾರಾಧನೆ ಅದರ ಉದ್ದೇಶವಾಗಿರಲಿಲ್ಲ. ಪೋಲೀಸರ ದಾಳಿ, ಸೆನ್ಸಾರು, ಮೊಕದ್ದಮೆಗಳನ್ನು ಒಗ್ಗಟ್ಟಿನಿಂದ ಎದುರಿಸುವುದೇ ಉದ್ದೇಶವಾಗಿತ್ತು. ೧೯೭೩ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಮಿಲ್ಲರ್ ಎಂಬವನ ಮೊಕದ್ದಮೆಯಲ್ಲಿ ಅಶ್ಲೀಲತೆಗೆ ಹೊಸ ಲಕ್ಷಣವನ್ನು ಹೇಳಿತು. ಆ ಲಕ್ಷಣದ ಮೂರು ಅಂಗಗಳಲ್ಲಿ ಕೊನೆಯದು ಬಹಳ ಕುತೂಹಲಕರವಾದುದು: ಗಂಭೀರವಾದ ಸಾಹಿತ್ಯಿಕ, ಕಲಾತ್ಮಕ, ರಾಜಕೀಯ ಅಥವಾ ವೈಜ್ಞಾನಿಕ ಮೌಲ್ಯವಿಲ್ಲದ ಕೃತಿಯೇ ಅಶ್ಲೀಲ ಎನಿಸಬಲ್ಲದು. ಎಂದರೆ, ಎಷ್ಟೇ ನಗ್ನವಾಗಿರಲಿ, ಕಲೆಯೆಂದು ಸಾಧಿಸಿಕೊಟ್ಟರೆ ಬಚಾವು!

ಆ ತೀರ್ಪು ಬಂದ ನಾಲ್ಕು ವರ್ಷಗಳಿಗೆ, ೧೯೭೭ರಲ್ಲಿ, ಅದೇ ಸಂಘ ಪ್ರಶಸ್ತಿಗಳನ್ನು ಕೊಡಲು ತೊಡಗಿತು. ಶ್ರೇಷ್ಠ ಚಿತ್ರ, ಶ್ರೇಷ್ಠ ನಿರ್ದೇಶಕ, ಶ್ರೇಷ್ಠ ನಟ, ಶ್ರೇಷ್ಠ ನಟಿ, ಎಲ್ಲವೂ ಹಾಲಿವುಡ್ಡಿನ ಪದ್ಧತಿಯಂತೆ. ಎರಡು ಸಂಗತಿಗಳಿಗೂ ಕಾರ್ಯಕಾರಣ ಸಂಬಂಧವಿದೆಯೆಂದು ಬರೆದಿಟ್ಟ ನಿರ್ಣಯವನ್ನು ನಾನು ಕಂಡಿಲ್ಲ. ಆದರೆ ವಕೀಲರ ಸಹವಾಸದಲ್ಲಿಯೇ ಹುಟ್ಟಿ ಬೆಳೆದ ಸಂಘವೊಂದಕ್ಕೆ, ಕಲೆಗೆ ಸಾಕ್ಷಿ ಬೇಕಾದ ಕಾಲದಲ್ಲಿಯೇ ಕಲಾಪ್ರೇಮ ಉಕ್ಕಿಬಂದದ್ದು ಕಾಕತಾಳೀಯವೆಂದು ನಂಬುವಷ್ಟು ಮುಗ್ಧತೆ ನನ್ನಲ್ಲಿ ಉಳಿದಿಲ್ಲ.

ಆ ಹೊತ್ತಿಗೆ ಕ್ಯಾಲಿಫೋರ್ನಿಯದಲ್ಲಿ ಇಂಥ ಚಿತ್ರವನ್ನು ತೆಗೆಯುವುದೇ ಅಪರಾಧವೊ ಅಲ್ಲವೊ ಎಂಬುದು ಇತ್ಯರ್ಥವಾಗಿರಲಿಲ್ಲ ಎಂಬುದನ್ನೂ ನೆನೆಯಬೇಕು. ನಟನಟಿಯರಿಗೆ ಕೂಲಿ ಕೊಟ್ಟು ಚಿತ್ರೀಕರಿಸುವವನು ಕಾನೂನಿನ ಕಣ್ಣಿಗೆ ತಲೆಹಿಡುಕನೇ ಎಂದು ಸರಕಾರ ವಾದಿಸುತ್ತಿತ್ತು. ಹೆರಾಲ್ಡ್ ಫ್ರೀಮನ್ ಎಂಬ ನಿರ್ಮಾಪಕನ ಮೊಕದ್ದಮೆಯಲ್ಲಿ ಅದು ಹಾಗಲ್ಲವೆಂದು ಆ ರಾಜ್ಯದ ಶ್ರೇಷ್ಠ ನ್ಯಾಯಾಲಯ ತೀರ್ಮಾನಿಸಿದ್ದು ೧೯೮೮ರಲ್ಲಿ. ಹನ್ನೊಂದು ವರ್ಷ ಮೊದಲೇ 'ಶ್ರೇಷ್ಠ ನಿರ್ದೇಶಕ'ನ ಫಲಕ ಸಿದ್ಧವಾಗಿತ್ತು. ನ್ಯಾಯಾಲಯ ತಲೆಹಿಡುಕನೆಂದರೂ ಎನ್ನಬಹುದಾದವನಿಗೆ ಸಭೆ ಕಲಾವಿದನೆಂದು ಮೊದಲೇ ಬರೆದುಕೊಟ್ಟಿತು.

ಇದೇ ಕಾಲದ ಒಬ್ಬ ಹೆಂಗಸಿನ ಕಥೆಯನ್ನು ಇಲ್ಲಿ ಹೇಳಲೇಬೇಕು. ೧೯೭೨ರ 'ಡೀಪ್ ಥ್ರೋಟ್' ಎಂಬ ಚಿತ್ರ ಈ ಉದ್ಯಮವನ್ನು ಗಲ್ಲಿಯಿಂದ ಹೆದ್ದಾರಿಗೆ ತಂದಿತು. ಸುಮಾರು ೨೫,೦೦೦ ಡಾಲರಿನಲ್ಲಿ ತಯಾರಾದ ಆ ಚಿತ್ರ ಗಳಿಸಿದ್ದು ಕೋಟಿಗಳ ಲೆಕ್ಕದಲ್ಲಿ. ನಾಯಕಿಯಾಗಿ ಕಾಣಿಸಿಕೊಂಡ ಲಿಂಡಾ ಬೋರ್‌ಮನ್ (ಚಿತ್ರದ ಹೆಸರು ಲಿಂಡಾ ಲವ್ಲೇಸ್) ಅವಳ ಪಾಲಿಗೆ ಬಂದದ್ದು ೧,೨೫೦ ಡಾಲರು; ಅದನ್ನೂ ಗಂಡನೇ ಇಟ್ಟುಕೊಂಡನೆಂದು ಆಕೆ ಹೇಳಿದಳು. ೧೯೮೦ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿಯೂ, ೧೯೮೬ರಲ್ಲಿ ಅಮೆರಿಕ ಸರಕಾರ ನೇಮಿಸಿದ್ದ ಮೀಸ್ ಆಯೋಗದ ಮುಂದೆಯೂ ಆಕೆ ಹೊಡೆತ, ಬೆದರಿಕೆ, ಪಿಸ್ತೂಲುಗಳ ನಡುವೆ ತನ್ನಿಂದ ಆ ಕೆಲಸ ಮಾಡಿಸಲಾಯಿತೆಂದು ನುಡಿದಳು. ತೆರೆಯ ಮೇಲೆ ನಗುತ್ತಿದ್ದಾಳಲ್ಲ ಎಂದು ಕೇಳಿದವರಿದ್ದರು. ಆಕೆ ನುಡಿದದ್ದೆಲ್ಲ ಅಕ್ಷರಶಃ ನಿಜವೆ ಎಂದು ತೂಗುವ ತಕ್ಕಡಿ ನನ್ನಲ್ಲಿಲ್ಲ. ನನಗೆ ಮುಖ್ಯವೆನಿಸುವುದು ಬೇರೆ: ನಗುವಿಗೆ ಬಹುಮಾನ ಕೊಡಲು ಮುಂದಾದ ಉದ್ಯಮ ಆ ನಗು ಹೇಗೆ ಬಂತೆಂದು ವಿಚಾರಿಸುವ ಒಂದು ಸಮಿತಿಯನ್ನು ಅಂದು ಮಾಡಲಿಲ್ಲ.

ಮುಂದೆ ವೀಡಿಯೊ ಕ್ಯಾಸೆಟ್ಟು ಬಂತು. ಕತ್ತಲ ಚಿತ್ರಮಂದಿರದ ವ್ಯಾಪಾರ ಮನೆಯೊಳಕ್ಕೆ ಹೊಕ್ಕಿತು. ಊರೂರಿನ ಕ್ಯಾಸೆಟ್ಟಿನಂಗಡಿಯವನು ಈ ಉದ್ಯಮದ ದೊಡ್ಡ ಗಿರಾಕಿಯಾದ. ಯಾವ ಕ್ಯಾಸೆಟ್ಟನ್ನು ತರಿಸಿದರೆ ಬೇಗ ಓಡುತ್ತದೆಯೆಂದು ಅವನಿಗೆ ತಿಳಿಸುವುದಕ್ಕಾಗಿ ೧೯೮೩ರಲ್ಲಿ ಫಿಲಡೆಲ್ಫಿಯದಲ್ಲಿ ಪಾಲ್ ಫಿಶ್‌ಬೈನ್ ಮತ್ತು ಗೆಳೆಯರು 'ಅಡಲ್ಟ್ ವೀಡಿಯೊ ನ್ಯೂಸ್' ಎಂಬ ಪತ್ರಿಕೆಯನ್ನು ತೆಗೆದರು. ಮರುವರ್ಷವೇ ಪತ್ರಿಕೆ ತನ್ನ ಹೆಸರಿನಲ್ಲಿ ಪ್ರಶಸ್ತಿಗಳನ್ನು ಆರಂಭಿಸಿತು. ಹಳೆಯ ಸಂಘದ ಪ್ರಶಸ್ತಿ ೧೯೮೬ಕ್ಕೆ ನಿಂತುಹೋಯಿತು. ಪತ್ರಿಕೆಯದು ಉಳಿದು ಬೆಳೆಯಿತು. ಲಾಸ್ ವೇಗಾಸ್ ನಗರದಲ್ಲಿ ಪ್ರತಿ ಜನವರಿಯಲ್ಲಿ ನಡೆಯುತ್ತಿದ್ದ ವಿದ್ಯುನ್ಮಾನ ಸಾಮಗ್ರಿಗಳ ಮಹಾಮೇಳದ ಮೂಲೆಯೊಂದರಲ್ಲಿ ವ್ಯಾಪಾರ ನಡೆಸುತ್ತಿದ್ದವರು ೧೯೯೦ರ ದಶಕದ ಕೊನೆಗೆ ಸ್ವಂತ ಮೇಳವನ್ನೇ ಮಾಡಿಕೊಂಡರು. ಪ್ರಶಸ್ತಿ ಪ್ರದಾನ ಆ ಸಂತೆಯ ಕೊನೆಯ ರಾತ್ರಿಯ ಆಕರ್ಷಣೆಯಾಯಿತು.

ಬಹುಮಾನದ ವಿಭಾಗಗಳು ಹೆಚ್ಚುತ್ತ ಹೋಗಿ ನೂರರ ಸಮೀಪಕ್ಕೆ ಬಂದುವು. ಅವುಗಳ ಪಟ್ಟಿ ಓದಿದವರಿಗೆ ನಗು ಬರುತ್ತದೆ, ನಿಜ. ಡೇವಿಡ್ ಫಾಸ್ಟರ್ ವಾಲೇಸ್ ಎಂಬ ಅಮೆರಿಕನ್ ಸಾಹಿತಿ ೧೯೯೮ರ ಸಮಾರಂಭವನ್ನು ಕಣ್ಣಾರೆ ನೋಡಿ ಬಂದು ದೀರ್ಘವಾದ ವಿಡಂಬನೆಯನ್ನೇ ಬರೆದ. ಆದರೆ ನನಗೆ ಆ ಪಟ್ಟಿಯಲ್ಲಿ ಕಣ್ಣಿಗೆ ಹೊಡೆದದ್ದು ಅಶ್ಲೀಲವಾದ ಹೆಸರುಗಳಲ್ಲ, ತೀರ ಸಭ್ಯವಾದ ಕೆಲವು ಹೆಸರುಗಳು: ಅತಿಹೆಚ್ಚು ಮಾರಾಟವಾದ ಕ್ಯಾಸೆಟ್ಟು, ಅತಿಹೆಚ್ಚು ಬಾಡಿಗೆಗೆ ಹೋದ ಕ್ಯಾಸೆಟ್ಟು, ಶ್ರೇಷ್ಠ ಹೊದಿಕೆ, ಶ್ರೇಷ್ಠ ಪ್ರಚಾರ! ಹೆಚ್ಚು ಅಡಿಕೆ ಮಾರಿದ ಮಂಡಿಯವನಿಗೆ ಕೃಷಿ ಪ್ರಶಸ್ತಿ ಕೊಟ್ಟಂತಾಯಿತಲ್ಲವೆ? ಜಾಹೀರಾತು ಕೊಡುವ ಕಂಪೆನಿಗಳಿಂದ ಬದುಕುವ ಪತ್ರಿಕೆ, ಆ ಕಂಪೆನಿಗಳ ಸರಕಿಗೆ ಬಹುಮಾನ ಕೊಡುತ್ತದೆ. ಬಹುಮಾನದ ಚೀಟಿ ಡಬ್ಬಿಯ ಮೇಲೇರಿ ಸರಕು ಇನ್ನಷ್ಟು ಹೋಗುತ್ತದೆ. ಕಂಪೆನಿ ಮತ್ತೆ ಜಾಹೀರಾತು ಕೊಡುತ್ತದೆ. ಈ ಗಾಣದ ಸುತ್ತಿನಲ್ಲಿ ನಂಬಿಕೆ ಸಾಲದೆ ವಿಮರ್ಶಕರೇ ಬೇರೊಂದು ಸಂಘ ಕಟ್ಟಿ ೧೯೮೫ರಿಂದ ತಮ್ಮದೊಂದು ಪ್ರಶಸ್ತಿಯನ್ನು ಕೊಡತೊಡಗಿದರೆಂದ ಮೇಲೆ ಹೊರಗಿನವರು ಹೇಳುವುದೇನಿದೆ? ಫ್ರಾನ್ಸಿನಲ್ಲಿಯೂ ಇದೇ ಆಟ. ಅಲ್ಲಿಯ ಒಂದು ವೀಡಿಯೊ ಪತ್ರಿಕೆ ೧೯೯೨ರಿಂದ ೨೦೦೧ರ ತನಕ ಕಾನ್ ಚಿತ್ರೋತ್ಸವದ ಹೊತ್ತಿಗೇ ಅದೇ ಊರಿನಲ್ಲಿ 'ಹಾಟ್ ದೋರ್' ಎಂಬ ಪ್ರಶಸ್ತಿಯನ್ನು ಹಂಚಿತು. ಚಿತ್ರೋತ್ಸವದ ಬಂಗಾರದ ಗರಿಯ ನೆರಳಿನಲ್ಲಿ ನಿಂತರೆ ತನ್ನ ತಗಡೂ ಹೊಳೆದೀತೆಂಬ ಆಸೆ.

ಈ ಉದ್ಯಮದಲ್ಲಿ ನಟಿಗೆ ಸಲ್ಲುವುದು ದೃಶ್ಯವೊಂದಕ್ಕೆ ಇಂತಿಷ್ಟೆಂಬ ಕೂಲಿ. ಚಿತ್ರ ಹತ್ತು ವರ್ಷ ಓಡಿದರೂ, ನೂರು ಹೆಸರಿನಲ್ಲಿ ತುಂಡಾಗಿ ಮಾರಾಟವಾದರೂ, ಸಾಮಾನ್ಯವಾಗಿ ಆಕೆಗೆ ಬಿಡಿಗಾಸಿನ ಪಾಲಿಲ್ಲ. ೨೦೦೪ರ ಏಪ್ರಿಲಿನಲ್ಲಿ ನಟನಟಿಯರಲ್ಲಿ ಎಚ್.ಐ.ವಿ. ಸೋಂಕು ಪತ್ತೆಯಾಗಿ ಲಾಸ್ ಏಂಜಲೀಸಿನ ಚಿತ್ರೀಕರಣ ಬಹುಮಟ್ಟಿಗೆ ಕೆಲಕಾಲ ನಿಂತಿತು. ೨೦೧೨ರ ನವೆಂಬರಿನಲ್ಲಿ ಆ ಪ್ರಾಂತದ ಮತದಾರರು ಚಿತ್ರೀಕರಣದಲ್ಲಿ ಕಾಂಡೋಮನ್ನು ಕಡ್ಡಾಯ ಮಾಡಿದಾಗ ಉದ್ಯಮ ಅದನ್ನು ಬಲವಾಗಿ ವಿರೋಧಿಸಿ ನ್ಯಾಯಾಲಯಕ್ಕೆ ಹೋಯಿತು. ನಟನಟಿಯರಲ್ಲಿಯೂ ಹಲವರು ವಿರೋಧಿಸಿದರು, ರಕ್ತಪರೀಕ್ಷೆಯೇ ಸಾಕೆಂಬುದು ಅವರ ವಾದ ಎಂಬುದನ್ನೂ ಮರೆಮಾಚಬಾರದು. ಆದರೂ ಗದ್ದೆಯ ಆಳಿನ ಕಾಲಿಗೆ ಚಪ್ಪಲಿ ಬೇಡವೆನ್ನುವ ಧಣಿ, ವರ್ಷಕ್ಕೊಮ್ಮೆ ಆ ಕಾಲನ್ನು ಹೂವಿನಿಂದ ಪೂಜಿಸಿದರೆ ಅದನ್ನು ಗೌರವವೆನ್ನಲು ನನ್ನ ನಾಲಗೆ ಏಳದು.

ಇನ್ನು ಇತ್ತೀಚಿನ ಅಧ್ಯಾಯ. ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಈ ಚಿತ್ರಗಳನ್ನು ತೋರಿಸುವ 'ಪೋರ್ನ್‌ಹಬ್' ಎಂಬ ತಾಣ ೨೦೦೭ರಲ್ಲಿ ಹುಟ್ಟಿ ಹಳೆಯ ಕ್ಯಾಸೆಟ್ಟು ಕಂಪೆನಿಗಳ ಆದಾಯಕ್ಕೆ ಕೊಡಲಿಯಿಟ್ಟಿತು. ಹಣ ಬಂತು, ಮರ್ಯಾದೆ ಬೇಕಾಯಿತು. ೨೦೧೮ರಲ್ಲಿ ಅದೂ ತನ್ನದೊಂದು ಪ್ರಶಸ್ತಿ ಸಮಾರಂಭವನ್ನು ಏರ್ಪಡಿಸಿ, ಕಾನ್ಯೆ ವೆಸ್ಟ್ ಎಂಬ ವಿಖ್ಯಾತ ಗಾಯಕನನ್ನು ಅದರ ಕಲಾನಿರ್ದೇಶನಕ್ಕೆ ಕರೆಸಿತು. ಅದೇ ಕಾಲದಲ್ಲಿ ಅದೇ ತಾಣದಲ್ಲಿ ಒಂದು ಸಂಸ್ಥೆಯ ಚಿತ್ರಗಳು ಪ್ರದರ್ಶನಗೊಳ್ಳುತ್ತಿದ್ದುವು. ರೂಪದರ್ಶಿಯ ಕೆಲಸವೆಂದು ಹೇಳಿ ಕಾಲೇಜು ವಯಸ್ಸಿನ ಹುಡುಗಿಯರನ್ನು ಕರೆಸುವುದು, ಚಿತ್ರ ಅಂತರ್ಜಾಲಕ್ಕೆ ಬರುವುದೇ ಇಲ್ಲ, ದೂರದೇಶದಲ್ಲಿ ಖಾಸಗಿಯಾಗಿ ಮಾರಾಟವಾಗುತ್ತದೆ ಎಂದು ನಂಬಿಸುವುದು, ಬಳಿಕ ಲೋಕಕ್ಕೆಲ್ಲ ಬಿಡುವುದು, ಇದು ಆ ಸಂಸ್ಥೆಯ ಪದ್ಧತಿ. ಇಪ್ಪತ್ತೆರಡು ಮಂದಿ ಹೆಣ್ಣುಮಕ್ಕಳು ಸ್ಯಾನ್ ಡಿಯಾಗೋದ ನ್ಯಾಯಾಲಯದಲ್ಲಿ ಹೋರಾಡಿ ೨೦೨೦ರ ಜನವರಿಯಲ್ಲಿ ೧ ಕೋಟಿ ೨೭ ಲಕ್ಷ ಡಾಲರಿನ ಪರಿಹಾರದ ತೀರ್ಪನ್ನು ಪಡೆದರು. ಅದೇ ವರ್ಷದ ಡಿಸೆಂಬರಿನಲ್ಲಿ, ಪತ್ರಿಕೆಗಳ ಟೀಕೆಗೂ ಹಣಪಾವತಿ ಕಂಪೆನಿಗಳ ಒತ್ತಡಕ್ಕೂ ಮಣಿದು, ಏರಿಸಿದವರ ಗುರುತು ದೃಢಪಡದ ಲಕ್ಷಾಂತರ ಚಿತ್ರಗಳನ್ನು ತಾಣ ಅಳಿಸಬೇಕಾಯಿತು. ಆ ವಂಚನೆಯ ಹಣ ತನ್ನ ಕೈಗೂ ಬಂದಿತ್ತೆಂಬ ಪ್ರಕರಣದಲ್ಲಿ ೨೦೨೩ರಲ್ಲಿ ಅದರ ಒಡೆತನದ ಕಂಪೆನಿ ಅಮೆರಿಕ ಸರಕಾರಕ್ಕೆ ೧೮ ಲಕ್ಷ ಡಾಲರಿಗೂ ಮಿಕ್ಕಿ ತೆರಲು ಒಪ್ಪಿತು. ಪ್ರಶಸ್ತಿಯ ವೇದಿಕೆಯಲ್ಲಿ ಬೆಳಕು ಹರಿಯುತ್ತಿದ್ದಾಗ ಈ ಹುಡುಗಿಯರು ಊರು ಬದಲಿಸಿ, ಹೆಸರು ಬದಲಿಸಿ ಬದುಕುತ್ತಿದ್ದರು. 'ಒಪ್ಪಿಗೆ' ಎಂಬ ವಿಭಾಗಕ್ಕೆ ಮಾತ್ರ ಬಹುಮಾನವಿಟ್ಟವರಿಲ್ಲ.

ಇಷ್ಟು ಓದಿ 'ಪಾಶ್ಚಾತ್ಯರ ಹೊಲಸು, ನಮಗೇನು?' ಎಂದು ಕೈತೊಳೆದುಕೊಳ್ಳಲು ಸಿದ್ಧರಾದವರು ದಯವಿಟ್ಟು ತುಸು ತಾಳಬೇಕು.

ನಮ್ಮಲ್ಲಿ ಇಂಥ ಸಮಾರಂಭವಿಲ್ಲದಿರುವುದಕ್ಕೆ ಕಾರಣ ನಮ್ಮ ಶೀಲವಲ್ಲ, ನಮ್ಮ ದಂಡಸಂಹಿತೆ. ಹಳೆಯ ಭಾರತೀಯ ದಂಡಸಂಹಿತೆಯ ೨೯೨ನೆಯ ಕಲಮು ಅಶ್ಲೀಲ ವಸ್ತುವಿನ ಮಾರಾಟ, ಪ್ರದರ್ಶನ, ಅದಕ್ಕಾಗಿ ಮಾಡುವ ತಯಾರಿಕೆಗಳನ್ನು ಅಪರಾಧವೆಂದಿತು. ೨೦೨೪ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯ ೨೯೪ನೆಯ ಕಲಮೂ ಅದನ್ನೇ ಹೇಳುತ್ತದೆ. ಆದ್ದರಿಂದ ನಮ್ಮ ವ್ಯಾಪಾರ ಮುಸುಕು ಹಾಕಿಕೊಂಡು ನಡೆಯಿತು. ಕಾಸರಗೋಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ೨೦೦೦ದಲ್ಲಿ ತೆರೆಕಂಡ 'ಕಿನ್ನಾರತುಂಬಿಕಳ್' ಎಂಬ ಅಲ್ಪವೆಚ್ಚದ ಚಿತ್ರ ಶಕೀಲಾ ಎಂಬ ನಟಿಯನ್ನು ಮನೆಮಾತಾಗಿಸಿತು. ಮುಂದಿನ ಒಂದೆರಡು ವರ್ಷ ಮಲಯಾಳ ಚಿತ್ರರಂಗದ ದೊಡ್ಡ ನಾಯಕರ ಚಿತ್ರಗಳೂ ಆಕೆಯ ಚಿತ್ರಗಳೆದುರು ತತ್ತರಿಸಿದುವು. ಮುಚ್ಚುವ ಹಂತಕ್ಕೆ ಬಂದಿದ್ದ ಎಷ್ಟೋ ಚಿತ್ರಮಂದಿರಗಳು ಆಕೆಯ ಹೆಸರಿನಿಂದ ಬಾಗಿಲು ತೆರೆದಿಟ್ಟುವು. ಸೆನ್ಸಾರಿನಿಂದ 'ಎ' ಪತ್ರ ಪಡೆದ ಚಿತ್ರದ ನಡುವೆ ಸೆನ್ಸಾರು ಕಾಣದ ತುಂಡುಗಳನ್ನು ಚಿತ್ರಮಂದಿರದಲ್ಲಿಯೇ ಸೇರಿಸುತ್ತಿದ್ದರು. ಹಲವು ವೇಳೆ ಆ ತುಂಡಿನ ದೇಹ ಒಬ್ಬಳದು, ಗೋಡೆಯ ಚಿತ್ರದ ಮುಖ ಇನ್ನೊಬ್ಬಳದು. ಅಪಕೀರ್ತಿ ಮುಖಕ್ಕೆ, ಅನಾಮಿಕತೆ ದೇಹಕ್ಕೆ, ಲಾಭ ಇಬ್ಬರೂ ಅಲ್ಲದವನಿಗೆ.

ಗೌರವದ ವಿಷಯದಲ್ಲಿ ನಾವು ನಡೆದುಕೊಂಡ ರೀತಿಯೇನು? ೨೦೨೨ರ ನವೆಂಬರಿನಲ್ಲಿ ಕೋಝಿಕ್ಕೋಡಿನ ಒಂದು ವ್ಯಾಪಾರ ಮಳಿಗೆಯಲ್ಲಿ ಚಿತ್ರವೊಂದರ ತುಣುಕನ್ನು ಬಿಡುಗಡೆ ಮಾಡುವ ಸಭೆ ಏರ್ಪಟ್ಟಿತ್ತು. ಮುಖ್ಯ ಅತಿಥಿ ಶಕೀಲಾ ಎಂದು ತಿಳಿದ ಮೇಲೆ, ಜನಸಂದಣಿಯ ಭದ್ರತೆಯ ಕಾರಣ ಹೇಳಿ ಮಳಿಗೆಯವರು ಅವಕಾಶ ನಿರಾಕರಿಸಿದರು. ಆಕೆಯ ಜೀವನದ ಮೇಲೆ ಇಂದ್ರಜಿತ್ ಲಂಕೇಶರು ತೆಗೆದ ಚಿತ್ರ ೨೦೨೦ರಲ್ಲಿಯೇ ನಿರಾತಂಕವಾಗಿ ಬಿಡುಗಡೆಯಾಗಿತ್ತು. ಕಥೆಯಾದರೆ ಬರಬಹುದು, ಕಥೆಯ ಒಡತಿ ಬರಕೂಡದು!

ಸಿಲ್ಕ್ ಸ್ಮಿತಾ ಅವರ ಪ್ರಸಂಗ ಇದಕ್ಕಿಂತ ಕರುಣಾಜನಕವಾದುದು. ನಾನೂರಕ್ಕೂ ಮಿಕ್ಕಿದ ಚಿತ್ರಗಳಲ್ಲಿ ಕಾಣಿಸಿಕೊಂಡ ಈಕೆಯನ್ನು ಕನ್ನಡಿಗರು ೧೯೯೨ರ 'ಹಳ್ಳಿ ಮೇಷ್ಟ್ರು' ಚಿತ್ರದಲ್ಲಿ ನೋಡಿದ್ದಾರೆ. ೧೯೮೨ರ ತಮಿಳು ಚಿತ್ರ 'ಮೂನ್ರಾಂ ಪಿರೈ'ಯಲ್ಲಿ ಆಕೆಯಿದ್ದಳು. ಆ ಚಿತ್ರದ ನಾಯಕ ಕಮಲಹಾಸನ್ ಅವರಿಗೂ ಛಾಯಾಗ್ರಾಹಕ ಬಾಲು ಮಹೇಂದ್ರ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಅರ್ಹರಿಗೇ ಬಂತು, ತಕರಾರಿಲ್ಲ. ೧೯೯೬ರ ಸೆಪ್ಟೆಂಬರ್ ೨೩ರಂದು ಮದ್ರಾಸಿನ ತನ್ನ ಮನೆಯಲ್ಲಿ ಆಕೆ ತೀರಿಕೊಂಡಳು. ಪ್ರಾಯ ಮೂವತ್ತಾರೂ ತುಂಬಿರಲಿಲ್ಲ. ಹದಿನೈದು ವರ್ಷಗಳ ಅನಂತರ, ಆಕೆಯ ಹುಟ್ಟಿದ ದಿನವಾದ ಡಿಸೆಂಬರ್ ೨ರಂದೇ, ಆಕೆಯ ಬದುಕಿನ ಛಾಯೆಯುಳ್ಳ 'ದಿ ಡರ್ಟಿ ಪಿಕ್ಚರ್' ಎಂಬ ಹಿಂದಿ ಚಿತ್ರ ಬಂತು. ಅದರಲ್ಲಿ ನಟಿಸಿದ ವಿದ್ಯಾ ಬಾಲನ್ ಅವರಿಗೆ ರಾಷ್ಟ್ರದ ಶ್ರೇಷ್ಠ ನಟಿಯ ಪ್ರಶಸ್ತಿ ಲಭಿಸಿತು. ಅವರ ಅಭಿನಯವನ್ನು ನಾನು ಹಳಿಯುತ್ತಿಲ್ಲ. ಆದರೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕೆ? ಅಮೆರಿಕದ ವ್ಯಾಪಾರಿ ಬದುಕಿರುವವಳಿಗೆ ಫಲಕ ಕೊಟ್ಟು ಪಾಲು ಕೊಡುವುದಿಲ್ಲ. ನಾವು ಪಾಲನ್ನೂ ಕೊಡುವುದಿಲ್ಲ, ಫಲಕವನ್ನು ಅವಳ ವೇಷ ಧರಿಸಿದವಳಿಗೆ ಕೊಡುತ್ತೇವೆ.

ಆ ಅಮೆರಿಕದ ಪ್ರಶಸ್ತಿಯನ್ನು ನಿಜವಾಗಿ ಪಡೆದವಳೊಬ್ಬಳು ನಮ್ಮಲ್ಲಿಗೂ ಬಂದಳಲ್ಲ. ಕೆನಡಾದಲ್ಲಿ ಪಂಜಾಬಿ ಮನೆತನದಲ್ಲಿ ಹುಟ್ಟಿದ ಸನ್ನಿ ಲಿಯೋನ್ ೨೦೧೧ರಲ್ಲಿ ಭಾರತಕ್ಕೆ ಬಂದು ಹಿಂದಿ ಚಿತ್ರನಟಿಯಾದಳು. ೨೦೧೫ರಲ್ಲಿ ಎರಡು ಕನ್ನಡ ಚಿತ್ರಗಳ ಹಾಡುಗಳಲ್ಲಿ ಕುಣಿದಳು. ಕನ್ನಡ ಸಂಸ್ಕೃತಿಗೆ ಆಗ ಚ್ಯುತಿ ಬಂದಂತೆ ಕಾಣಲಿಲ್ಲ. ೨೦೧೭ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹೊಸವರ್ಷದ ಕಾರ್ಯಕ್ರಮ ಗೊತ್ತಾದಾಗ ಮಾತ್ರ ಸಂಘಟನೆಯೊಂದು ಸಾಮೂಹಿಕ ಆತ್ಮಹತ್ಯೆಯ ಬೆದರಿಕೆ ಹಾಕಿತು. ಸರಕಾರ ಅನುಮತಿ ಕೊಡಲಿಲ್ಲ. ಮರುವರ್ಷ ಅದೇ ಬೆಂಗಳೂರಿನಲ್ಲಿ ಆಕೆಯ ಕಾರ್ಯಕ್ರಮ ನಡೆಯಿತು. ಕೊಚ್ಚಿಯಲ್ಲಂತೂ ೨೦೧೭ರ ಆಗಸ್ಟಿನಲ್ಲಿ ಮೊಬೈಲು ಅಂಗಡಿಯೊಂದರ ಉದ್ಘಾಟನೆಗೆ ಬಂದ ಆಕೆಯ ಕಾರು ಜನಸಾಗರದ ನಡುವೆ ಕದಲಲಾರದೆ ನಿಂತಿತು. ಹೊಗಳಿಕೆಯೂ ಬೆದರಿಕೆಯೂ ಒಂದೇ ಗುಂಪಿನಿಂದ ಬಂದದ್ದಲ್ಲ, ಬಲ್ಲೆ. ಆದರೆ ಸಂಸ್ಕೃತಿಯ ಕಾವಲುಗಾರರು ಹಾಡನ್ನು ಚಿತ್ರೀಕರಿಸಿದವನ ಮನೆಯ ಮುಂದೆ ಧರಣಿ ಕುಳಿತ ಸುದ್ದಿ ನನ್ನ ಕಿವಿಗೆ ಬಿದ್ದಿಲ್ಲ.

'ಹಾಗಾದರೆ ಕಲೆಯ ಹೆಸರಿನಲ್ಲಿ ಶೃಂಗಾರವನ್ನು ಸಮರ್ಥಿಸುವುದೇ ತಪ್ಪೆ?' ಎಂದು ಸಾಹಿತ್ಯಪ್ರಿಯರು ಕೇಳಬಹುದು. ಅಲ್ಲವೇ ಅಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ೧೯೧೦ರಲ್ಲಿ ಮುದ್ದುಪಳನಿಯ 'ರಾಧಿಕಾ ಸಾಂತ್ವನಮು' ಎಂಬ ತೆಲುಗು ಶೃಂಗಾರಕಾವ್ಯವನ್ನು ಪರಿಷ್ಕರಿಸಿ ಅಚ್ಚು ಹಾಕಿಸಿದರು. ಘನ ವಿದ್ವಾಂಸರು ಅದನ್ನು ಅಶ್ಲೀಲವೆಂದರು. ಮರುವರ್ಷ ಸರಕಾರ ಮುಟ್ಟುಗೋಲು ಹಾಕಿತು. ಆಗ ಮದ್ರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಈ ಕಾಸರಗೋಡಿನಲ್ಲಿಯೂ ಆ ಪುಸ್ತಕವನ್ನಿಟ್ಟುಕೊಂಡವನು ಹೆದರಬೇಕಾಗಿತ್ತು. ನಿಷೇಧ ಹೋದದ್ದು ೧೯೪೭ರಲ್ಲಿ. ಪುರುಷಕವಿಗಳು ಬರೆದರೆ ರಸ, ಹೆಂಗಸು ಬರೆದರೆ ಹೇಸಿಗೆಯೆ ಎಂಬುದು ನಾಗರತ್ನಮ್ಮನವರ ಪ್ರಶ್ನೆಯಾಗಿತ್ತು. ಅವರು ತಮ್ಮ ಹೆಸರು ಹಾಕಿ, ತಮ್ಮ ಮಾನವನ್ನು ಪಣವಿಟ್ಟು ವಾದಿಸಿದರು. ಲಾಸ್ ವೇಗಾಸಿನ ಸಭೆಯಲ್ಲಿ ಕಲೆಯ ಹೆಸರೆತ್ತುವವನು ಪಣವಿಡುವುದು ಇನ್ನೊಬ್ಬರ ದೇಹವನ್ನು. ಎರಡೂ ಒಂದೇ ಎನ್ನುವ ಸ್ವಾತಂತ್ರ್ಯವಾದಿಗಳಿಗೆ ಈ ಭೇದ ಯಾಕೆ ಕಾಣುವುದಿಲ್ಲವೊ ನಾನರಿಯೆ.

ಹಾಗೆಂದು ಶಕೀಲಾ ಅವರಿಗೆ ಕೇರಳ ಸರಕಾರ ಪ್ರಶಸ್ತಿ ಕೊಡಲಿ ಎಂದು ನಾನು ಬೇಡುತ್ತಿಲ್ಲ. ಹಾರಗಳ ಕೊರತೆಯಿಂದ ಈ ದೇಶದಲ್ಲಿ ಯಾರೂ ಸತ್ತಿಲ್ಲ. ಬೇಡಬೇಕಾದದ್ದು ನೀರಸವಾದ ವಸ್ತುಗಳನ್ನು: ಬರೆದುಕೊಟ್ಟ ಕರಾರು, ಹೇಳಿದ ಕೂಲಿ, ಚಿತ್ರೀಕರಿಸಿದ್ದು ಎಲ್ಲೆಲ್ಲಿ ತೋರಿಸಲ್ಪಡುತ್ತದೆಯೆಂದು ಮೊದಲೇ ತಿಳಿಯುವ ಹಕ್ಕು, ಒಪ್ಪದ ದೃಶ್ಯವನ್ನು ತೆಗೆಸಿಹಾಕುವ ಹಕ್ಕು. ಇವು ನನ್ನ ಕಲ್ಪನೆಗಳಲ್ಲ. ಚಿತ್ರದಲ್ಲಿ ದುಡಿಯುವವರೊಡನೆ ಲಿಖಿತ ಕರಾರು ಇರಲೇಬೇಕೆಂದು ೧೯೮೧ರಲ್ಲಿಯೇ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿದೆ. ಅದಾಗಿ ಮೂವತ್ತಾರು ವರ್ಷಗಳ ಮೇಲೆ, ೨೦೧೭ರಲ್ಲಿ, ಮಲಯಾಳ ಚಿತ್ರರಂಗದ ಹೆಂಗಸರ ಸ್ಥಿತಿಯನ್ನು ವಿಚಾರಿಸಲು ಕೇರಳ ಸರಕಾರ ನ್ಯಾಯಮೂರ್ತಿ ಹೇಮಾ ಅವರ ಸಮಿತಿಯನ್ನು ನೇಮಿಸಿತು. ಸಮಿತಿ ೨೦೧೯ರ ಕೊನೆಯ ದಿನ ಒಪ್ಪಿಸಿದ ವರದಿ ಬೆಳಕು ಕಂಡದ್ದು ೨೦೨೪ರ ಆಗಸ್ಟ್ ೧೯ರಂದು, ಅದೂ ಹಲವು ಭಾಗಗಳು ಅಳಿಸಲ್ಪಟ್ಟು. ಕಪಾಟಿನಲ್ಲಿ ವರದಿ ಮಲಗಿದ್ದ ಆ ನಾಲ್ಕೂವರೆ ವರ್ಷಗಳಲ್ಲಿಯೂ ರಾಜ್ಯ ಚಲನಚಿತ್ರ ಪ್ರಶಸ್ತಿಗಳು ಘೋಷಣೆಯಾಗುತ್ತಲೇ ಇದ್ದುವು. ವರದಿಯನ್ನು ತೆರೆದು ನೋಡಿದರೆ ಇರುವ ಸಂಗತಿಗಳಲ್ಲಿ ಕೆಲವು ಹೀಗಿವೆ: ಲಿಖಿತ ಕರಾರು ಇಲ್ಲ, ಒಪ್ಪಿದ ಹಣ ಸರಿಯಾಗಿ ಕೈಸೇರುವುದಿಲ್ಲ, ಚಿತ್ರೀಕರಣದ ಸ್ಥಳದಲ್ಲಿ ಹೆಂಗಸರಿಗೆ ಬಟ್ಟೆ ಬದಲಿಸಲು ಮರೆಯಿಲ್ಲ, ಶೌಚಾಲಯವಿಲ್ಲ.